ಏಕಾದಶಿಗೆ ಬಿದ್ದ ದಾಶಿ

ನಾನು ಶುದ್ಧ ಸಸ್ಯಾಹಾರಿ. ವಾಸ ಕಸಾಯಿಯಲ್ಲಿ. ಗಾಬರಿಯಾಗಬೇಡಿ, ನಿಶಿ ಕಸಾಯಿ ಎನ್ನುವುದು ಟೋಕಿಯೋದ ಪೂರ್ವಕ್ಕಿರುವ ಎದೊಗಾವಾ ವಾರ್ಡಿನ ಒಂದು ಬಡಾವಣೆ, ನಮ್ಮ ಕಡೆಯ ಸಾಫ್ಟ್‌ವೇರ್ ಜನ ಕಾಲಿಗೆ ತೊಡರುವಷ್ಟು ಸಿಗುವ ಜಾಗ. ವಿಳಾಸ ಹೇಳಿದ ದಿನ ಅಮ್ಮ ಮಾತ್ರ, "ರಾಮ ರಾಮ, ಬೇರೆ ಕಡೆ ಮನೆ ಸಿಗಲಿಲ್ವೇನೋ?" ಎಂದಿದ್ದಳು.

ಹೆಂಡತಿ ತಂಗಿಯ ಮದುವೆಗೆಂದು ಮೂರು ವಾರ ಶಿವಮೊಗ್ಗಕ್ಕೆ ಹೋದಳು. ಹೋಗುವ ಮುಂಚೆ ರವೆ, ಅವಲಕ್ಕಿ, ಸಾರಿನ ಪುಡಿಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಳು. ಮನೆಯಲ್ಲಿ ಎಲ್ಲವೂ ಇತ್ತು, ಈರುಳ್ಳಿ ಹೆಚ್ಚುವ ಮನಸ್ಸೊಂದು ಬಿಟ್ಟು. ಹಾಗಾಗಿ ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಮುಂದೆ ಹೋಗಿ ನಿಂತೆ. ಒಳಗೆ ಇಟ್ಟಿಗೆಯಂತೆ ಹೆಪ್ಪುಗಟ್ಟಿದ ಉದೋನ್. ನಮ್ಮ ಒತ್ತುಶ್ಯಾವಿಗೆಗೆ ಜಿಮ್‌ಗೆ ಹೋಗುವ ಅಣ್ಣನೊಬ್ಬನಿದ್ದರೆ ಹೇಗಿರುತ್ತಾನೋ ಹಾಗೆ. ಪೊಟ್ಟಣದ ಮೇಲೆ 1 ನಿಮಿಷ ಎಂದಿತ್ತು. ಅಷ್ಟು ಜಪಾನಿ ನನಗೆ ಓದಲು ಬರುತ್ತದೆ.

ಉಳಿದದ್ದನ್ನು ಓದಲು ಫೋನಿನ ಕ್ಯಾಮೆರಾ ಹಿಡಿದೆ. "ನರಿ ಉದೋನ್" ಎಂದಿತು. ಪಕ್ಕದ ಪೊಟ್ಟಣಕ್ಕೆ ಹಿಡಿದೆ. "ರಕೂನ್ ನಾಯಿ" ಎಂದಿತು. ಎರಡು ಬಾಳೆಹಣ್ಣು ಕೊಂಡು ಮನೆಗೆ ಓಡಿಬಂದೆ.

ಮಾರನೆಯ ದಿನ ಆಫೀಸಿನ ಪಕ್ಕದ ಮೇಜಿನವರಿಗೆ ಹೇಳಿದರೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅವರು ಕಗಾವಾದವರು. ಜಪಾನಿನ ಪ್ರಾಂತ್ಯಗಳಲ್ಲೇ ಅತಿ ಚಿಕ್ಕದಾದ ಇದು ತನ್ನನ್ನು 'ಉದೋನ್ ಪ್ರಾಂತ್ಯ' ಎಂದೇ ಕರೆದುಕೊಳ್ಳುತ್ತದೆ. ಕಿತ್ಸುನೆ ಎಂದರೆ ನರಿ ಹೌದು, ಆದರೆ ಬಟ್ಟಲಲ್ಲಿರುವುದು ಕರಿದ ತೋಫು. ನರಿಗೆ ಅದು ಇಷ್ಟ ಎಂಬ ನಂಬಿಕೆಯಿಂದ ಆ ಹೆಸರು. ಟೋಕಿಯೋದ ತನುಕಿ, ಅಂದರೆ ರಕೂನ್ ನಾಯಿ, ಬರೀ ಕರಿದ ಹಿಟ್ಟಿನ ಬೂಂದಿ. ಉದೋನ್ ಆದರೋ ಗೋಧಿಹಿಟ್ಟು, ಉಪ್ಪು, ಜಗಿತ ಬರಲೆಂದು ಒಂದಿಷ್ಟು ಮರಗೆಣಸಿನ ಹಿಟ್ಟು. ಬೇಯಿಸಿದ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಹದ ಹಾಗೇ ನಿಲ್ಲುತ್ತದಂತೆ.

ಗೋಧಿ, ಉಪ್ಪು, ಮರಗೆಣಸು, ಅಂದರೆ ಸಬ್ಬಕ್ಕಿಯ ತವರು! ಇದು ಏಕಾದಶಿಯ ಫಲಾಹಾರವೇ ಅಲ್ಲವೇ? ಶನಿವಾರ ಏಕಾದಶಿ ಬೇರೆ. ಅಮ್ಮನಿಗೆ ಫೋನ್ ಮಾಡಿದೆ.

"ಅಕ್ಕಿ ಇಲ್ಲ ತಾನೆ?"

"ಇಲ್ಲಮ್ಮ, ಗೋಧಿ."

"ಹಾಗಾದ್ರೆ ಧಾರಾಳವಾಗಿ ತಿನ್ನಪ್ಪ. ಪರದೇಶದಲ್ಲೂ ನೇಮ ಬಿಡಲಿಲ್ವಲ್ಲ, ಅದೇ ಸಂತೋಷ."

ಸಾರು ಸಮೇತ ಇರುವ ಎರಡು ನರಿ ಪೊಟ್ಟಣ ತಂದೆ. ನಾನೇನು ಕುರುಡನಲ್ಲ. ಹಿಂಬದಿಯ ಅಲರ್ಜಿ ಪಟ್ಟಿಯನ್ನು ಫೋನಿನಲ್ಲಿ ಓದಿದೆ. ಮೊಟ್ಟೆ ಇಲ್ಲ, ಸೀಗಡಿ ಇಲ್ಲ, ಏಡಿ ಇಲ್ಲ; ಗೋಧಿ ಮತ್ತು ಸೋಯಾ ಮಾತ್ರ. ಗೆದ್ದೆ ಅಂದುಕೊಂಡೆ.

ಒಂದು ನಿಮಿಷದಲ್ಲಿ ಬೇಯುವ ವಸ್ತು ಈ ಲೋಕದಲ್ಲಿ ಇರಲಾರದು ಎಂದು ಮೊದಲ ಇಟ್ಟಿಗೆಯನ್ನು ಸಿಂಕಿನಲ್ಲಿ ಕರಗಿಸಿ, ಹದಿನೈದು ನಿಮಿಷ ಕುದಿಸಿದೆ. ಅಂಬಲಿಯಾಯಿತು. ಎರಡನೆಯದನ್ನು ಹೇಳಿದಂತೆ ಕಲ್ಲಾಗಿದ್ದಾಗಲೇ ಕುದಿಯುವ ನೀರಿಗೆ ಬಿಟ್ಟೆ. ಆಹಾ! ಎಳೆ ಜಾರುತ್ತದೆ, ಹಲ್ಲಿಗೆ ಸಿಕ್ಕರೆ ಪುಟಿಯುತ್ತದೆ. ಸಾರಂತೂ ಏನು ರುಚಿ! ಬಟ್ಟಲೆತ್ತಿ ಕೊನೆಯ ತೊಟ್ಟನ್ನೂ ಕುಡಿದು, 'ಕೃಷ್ಣಾರ್ಪಣಮಸ್ತು' ಅಂದೆ.

ಸೋಮವಾರ ಪಕ್ಕದ ಮೇಜಿನವರಿಗೆ ವರದಿ ಒಪ್ಪಿಸಿದೆ. "ಓಹೋ, ದಾಶಿ ಹಿಡಿಸಿತೇ?" ಎಂದರು. ದಾಶಿ ಎಂದರೆ ಸಾರಿನ ಮೂಲಸತ್ವ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿ ಕೀಸಿದಂತೆ ಕೀಸಿ, ನೀರಿನಲ್ಲಿ ಹಾಕಿ ತೆಗೆದ ರಸ. ಇಲ್ಲಿನ ಅಲರ್ಜಿ ಪಟ್ಟಿಯಲ್ಲಿ ಕತ್ಸುವೊಗೆ ಜಾಗವೇ ಇಲ್ಲ. ಪಟ್ಟಿ ಇರುವುದು ಮೈ ತುರಿಸುವವರಿಗೆ, ಮನಸ್ಸು ತುರಿಸುವವರಿಗಲ್ಲ. ಅದರ ಮೇಲೆಯೇ ಇದ್ದ ಸಾಮಗ್ರಿಗಳ ಪಟ್ಟಿಯಲ್ಲಿ ಮೀನು ಸ್ಪಷ್ಟವಾಗಿತ್ತು. ನಾನು ಅದನ್ನು ಓದಿರಲಿಲ್ಲ.

ಏಕಾದಶಿಗೆ ದಾಶಿ!

ಪ್ರಾಯಶ್ಚಿತ್ತಕ್ಕೆಂದು ಆ ಸಂಜೆಯೇ ಸಾರಿಲ್ಲದ ಸಾದಾ ಉದೋನ್ ತಂದೆ. ಐದು ಇಟ್ಟಿಗೆಯ ಪೊಟ್ಟಣ. ಈ ಸಲ ಸಾಮಗ್ರಿಗಳ ಪಟ್ಟಿಯನ್ನು ಮೂರು ಸಲ ಓದಿದೆ. ಚಿತ್ರಾನ್ನದ ಹಾಗೆ ಒಗ್ಗರಣೆ ಕೊಡೋಣವೆಂದು ಎಣ್ಣೆ ಕಾಯಲಿಟ್ಟು ಹೆಂಡತಿಗೆ ಫೋನ್ ಮಾಡಿದೆ. "ರೀ, ಸಾಸಿವೆ ಮೇಲಿನ ಡಬ್ಬದಲ್ಲಿದೆ, ಒಣಮೆಣಸಿನಕಾಯಿ..." ಎನ್ನುವಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಸಾಸಿವೆ ಸುರಿದೆ. ಸಿಡಿಯಿತು. ಮೆಣಸಿನಕಾಯಿ ಕಪ್ಪಾಯಿತು. ಚಾವಣಿಯಿಂದ ಒಬ್ಬ ಹೆಂಗಸು "ಕಾಜಿ ದೆಸ್! ಕಾಜಿ ದೆಸ್!" ಎಂದು ಅರಚತೊಡಗಿದಳು. ಬೆಂಕಿ ಬಿದ್ದಿದೆ ಎಂದರ್ಥ. ಇಲ್ಲಿನ ಹೊಗೆ ಅಲಾರಂಗಳು ಬಾಯಿಬಿಟ್ಟು ಮಾತಾಡುತ್ತವೆ. ಅತ್ತ ಶಿವಮೊಗ್ಗದಿಂದ, "ಯಾರ್ರೀ ಅದು ಮನೇಲಿ?"

ಇದಕ್ಕೆ ಉತ್ತರ ಕೊಡುವ ಮೊದಲೇ ಕೆಳಮನೆಯ ಅಜ್ಜಿ ಬಾಗಿಲು ಬಡಿದರು. ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದೆ. ಮುರುಕು ಜಪಾನಿಯಲ್ಲಿ ಮೀನಿನ ಕಥೆಯನ್ನೂ ಹೇಳಿಕೊಂಡೆ. ಅಜ್ಜಿ ಕೆಮ್ಮುತ್ತಲೇ, "ಕೊಂಬು ಹಾಕು" ಎಂದರು. ಎದೆ ಧಸಕ್ಕೆಂದಿತು. ಮೀನಾಯಿತು, ಈಗ ಯಾವ ಪ್ರಾಣಿಯ ಕೊಂಬು? ಆಮೇಲೆ ತಿಳಿಯಿತು, ಕೊಂಬು ಎಂದರೆ ಒಣಗಿಸಿದ ಕಡಲಪಾಚಿ. ಅದನ್ನೂ ಒಣ ಶಿಟಾಕೆ ಅಣಬೆಯನ್ನೂ ನೆನೆಸಿ ಮಾಡುವ ದಾಶಿ ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆಯದ್ದು. 1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಇಕೆದಾ ಕಿಕುನಾಯೆ 'ಉಮಾಮಿ' ಎಂಬ ರುಚಿಯ ಗುಟ್ಟು ಬಿಡಿಸಿದ್ದೂ ಇದೇ ಕೊಂಬಿನ ಸಾರಿನಿಂದ.

ಮರುದಿನ ಅಜ್ಜಿ ಒಂದು ಬಾಟಲಿ ದಾಶಿ ಮಾಡಿ ತಂದುಕೊಟ್ಟರು. ಉದೋನ್ ಬೇಯಲು ಒಂದೇ ನಿಮಿಷ ಹಿಡಿಯಿತು. ಅಲ್ಲಿಗೆ ತಲುಪಲು ನನಗೆ ಹಿಡಿದದ್ದು ಆರು ದಿನ.

ಅಮ್ಮ ಮಾತ್ರ ನೆರೆಹೊರೆಯವರಿಗೆಲ್ಲ, "ನನ್ನ ಮಗ ಜಪಾನಿನಲ್ಲೂ ಏಕಾದಶಿ ಬಿಟ್ಟಿಲ್ಲ" ಎಂದು ಹೇಳಿಕೊಂಡು ಬರುತ್ತಿದ್ದಾಳೆ. ಅವಳ ಮನೆಗೆ ಈ ಪತ್ರಿಕೆ ಬರುವುದಿಲ್ಲ. ನೀವು ಯಾರೂ ದಯವಿಟ್ಟು ಕೊಡಬೇಡಿ.