ವರದಿವಿನ್ಯಾಸೋಪಕರಣ ಮೀಮಾಂಸೆ: ಗುಡಿಬಂಡೆ ಪಾಠಾಂತರ

1. ಅಧಿಕಾರ ಪ್ರಕರಣ

ವ್ಯಾಪಾರದ ತಂತ್ರಾಂಶದಲ್ಲಿ ಬಿಲ್ಲು, ಖಾತೆ, ದಾಸ್ತಾನು ಪಟ್ಟಿ ಮೊದಲಾದವನ್ನು ಕಾಗದಕ್ಕಿಳಿಸುವ ಉಪಕರಣವನ್ನು ಆರಿಸುವುದು ಈ ಶಾಸ್ತ್ರದ ವಿಷಯ. ಇದಕ್ಕೆ ಅಧಿಕಾರಿ ಯಾರು? ಅಂಗಡಿ, ಮಂಡಿ, ಸೊಸೈಟಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವವನು ಎಂದು ಪಾಮರರು ಹೇಳುತ್ತಾರೆ. ಅದು ಸಲ್ಲದು. ಒಂದು ಬಿಲ್ಲನ್ನೂ ಮುದ್ರಿಸದೆ, 5 ಉಪಕರಣಗಳನ್ನು 40 ಮಾನದಂಡಗಳ ಕೋಷ್ಟಕದಲ್ಲಿ ತೂಗಿ, ಮನೆಮನೆಗೂ ಹಸಿರು ಟಿಕ್ ಹಾಕಬಲ್ಲ ಸಲಹೆಗಾರನೇ ಅಧಿಕಾರಿ. ಅವನ ಕೋಷ್ಟಕವೇ ಪ್ರಮಾಣ. ಬಿಲ್ಲು ಪ್ರಮಾಣವಲ್ಲ, ಬಿಲ್ಲಿನಲ್ಲಿ ತಪ್ಪು ಕಾಣುತ್ತದೆ.

ಈ ಶಾಸ್ತ್ರದ ಕ್ಷೇತ್ರ ಗುಡಿಬಂಡೆ. ಚಿಕ್ಕಬಳ್ಳಾಪುರ ಜಿಲ್ಲೆಯದಲ್ಲ, ಮಡಕಶಿರಾ ಸೀಮೆಯದು. ಮೂರು ಕಡೆ ಕರ್ನಾಟಕ ಸುತ್ತಿಕೊಂಡಿದ್ದರೂ ಆಂಧ್ರದಲ್ಲಿರುವ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುವ ಸೀಮೆ.

2. ಗೋತ್ರ ಪ್ರಕರಣ

ಉಪಕರಣಗಳ ಗೋತ್ರ ತಿಳಿಯದೆ ಸಂಬಂಧ ಬೆಳೆಸಬಾರದು. ಕ್ರಿಸ್ಟಲ್ ರಿಪೋರ್ಟ್ಸ್ ಬೆಳೆದದ್ದು ಕೆನಡಾದ ವ್ಯಾಂಕೂವರಿನಲ್ಲಿ. 1994ರಲ್ಲಿ ಸೀಗೇಟ್ ಮನೆಗೆ ದತ್ತು ಹೋಯಿತು. 2003ರಲ್ಲಿ ಬಿಸಿನೆಸ್ ಆಬ್ಜೆಕ್ಟ್ಸ್ ಪಾಲಾಯಿತು. 2008ರ ಹೊತ್ತಿಗೆ ಆ ಮನೆಯನ್ನೇ ಎಸ್‌ಎಪಿ ಕೊಂಡಿತು. ವಿಷುಯಲ್ ಬೇಸಿಕ್ ಕಾಲದಿಂದ ಮೈಕ್ರೋಸಾಫ್ಟ್ ಡಬ್ಬಿಯ ಜೊತೆಗೇ ಬರುತ್ತಿದ್ದ ಕ್ರಿಸ್ಟಲ್ 2010ರ ವಿಷುಯಲ್ ಸ್ಟುಡಿಯೋದಲ್ಲಿ ಡಬ್ಬಿಯಿಂದ ಹೊರಬಿತ್ತು. ಜಾಸ್ಪರ್ ರಿಪೋರ್ಟ್ಸ್ ಅನ್ನು 2001ರಲ್ಲಿ ಟಿಯೊಡೊರ್ ಡಾನ್ಚು ಶುರುಮಾಡಿದರು. ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಸರ್ವೀಸಸ್ 2004ರ ಕೂಸು.

ಗುಡಿಬಂಡೆಯ ಗೋತ್ರವೂ ಇದಕ್ಕೇನು ಕಡಿಮೆಯದಲ್ಲ. ಮೊದಲು ಮದರಾಸು, 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರಪ್ರದೇಶ. 2022ರ ಏಪ್ರಿಲ್ 4ರಂದು ಮಡಕಶಿರಾ ಸೀಮೆ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಂಗಡಿಯ ಬಿಲ್ಲಿನ ತಲೆಯಲ್ಲಿ ಮಾತ್ರ 'ಅನಂತಪುರ ಜಿಲ್ಲೆ' ಕದಲಿಲ್ಲ. ತಂತ್ರಾಂಶ ಬರೆದವನು ಅದನ್ನು ಡೇಟಾಬೇಸಿನಿಂದ ತರದೆ ಲೇಬಲ್ಲಿನಲ್ಲೇ ಟೈಪು ಹೊಡೆದು ಬೆಂಗಳೂರು ಬಸ್ಸು ಹತ್ತಿದ್ದಾನೆ. ರಾಜ್ಯ ತಿದ್ದಬಹುದು, ಲೇಬಲ್ ತಿದ್ದಲಾಗದು ಎಂಬುದು ಪ್ರಕರಣದ ಸಿದ್ಧಾಂತ.

3. ಪಟ್ಟಿ ಪ್ರಕರಣ

ಎಲ್ಲ ಉಪಕರಣಗಳಲ್ಲೂ ವರದಿಯೆಂದರೆ ಪಟ್ಟಿಗಳ ಜೋಡಣೆ: ತಲೆಪಟ್ಟಿ, ವಿವರಪಟ್ಟಿ, ಗುಂಪಿನ ಪಾದ, ವರದಿಯ ಪಾದ. ಸಲಹೆಗಾರರು ಇದಕ್ಕೆ 'ಬ್ಯಾಂಡ್ ಓರಿಯೆಂಟೆಡ್ ಆರ್ಕಿಟೆಕ್ಚರ್' ಎಂದು ನಾಮಕರಣ ಮಾಡಿ ತಾವೇ ಬೆರಗಾಗುತ್ತಾರೆ. ಇದೇ ಸೀಮೆಯ ಹೇಮಾವತಿ ಹಿಂದೆ ಹೆಂಜೇರು, ನೊಳಂಬರ ರಾಜಧಾನಿ. ಆ ಕಾಲದ ದಾನಶಾಸನಗಳ ಕಟ್ಟು ನೋಡಿ. ತಲೆಯಲ್ಲಿ ಅರಸನ ಬಿರುದು, ವಿವರದಲ್ಲಿ ಕೊಟ್ಟ ಭೂಮಿ ಮತ್ತು ಅದರ ಎಲ್ಲೆ, ಆಮೇಲೆ ಸಾಕ್ಷಿಗಳು, ಪಾದದಲ್ಲಿ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಈಗಿನ ವರದಿಯ ಪಾದದಲ್ಲಿ ಪುಟಸಂಖ್ಯೆ ಬರುತ್ತದೆ. ಶಾಪ ಪ್ರೋಗ್ರಾಮರನ ಬಾಯಲ್ಲೇ ಉಳಿಯುತ್ತದೆ.

ವಿವರಪಟ್ಟಿಗೆ ಗಡಿಯ ಕಾಟ ಬೇರೆ. 2017ರ ಜುಲೈ 1ರಿಂದೀಚೆಗೆ ಗುಡಿಬಂಡೆಯ ವ್ಯಾಪಾರಿ ಹಿಂದೂಪುರಕ್ಕೆ ಮಾರಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಕಾಲಂ. ಶಿರಾಕ್ಕೋ ಪಾವಗಡಕ್ಕೋ ಮಾರಿದರೆ ಐಜಿಎಸ್‌ಟಿ ಎಂದು ಒಂದೇ ಕಾಲಂ. ಒಟ್ಟು ತೆರಿಗೆ ಅಷ್ಟೇ. ಗಿರಾಕಿಯ ಜಿಎಸ್‌ಟಿ ಸಂಖ್ಯೆ 37ರಿಂದ ಶುರುವಾಗುತ್ತದೋ 29ರಿಂದಲೋ ನೋಡಿ ಒಂದು ಪಟ್ಟಿ ಅಡಗಿಸಿ ಇನ್ನೊಂದನ್ನು ತೋರಿಸಬೇಕು. ಅಂಗಡಿ ಆಂಧ್ರದಲ್ಲಿ, ಬೀಗರು ಕರ್ನಾಟಕದಲ್ಲಿ ಇರುವ ಈ ಸೀಮೆಯಲ್ಲಿ ಇದು ದಿನನಿತ್ಯದ ಪಾಡು. 40 ಮಾನದಂಡಗಳಲ್ಲಿ ಇದಕ್ಕೆ ಜಾಗವಿಲ್ಲ.

4. ಗುಣ ಪ್ರಕರಣ

ಉಪಕರಣಗಳ ಗುಣಗಳು 16. ಮೊದಲನೆಯದು ಪಿಕ್ಸೆಲ್‌ಪರ್ಫೆಕ್ಟತ್ವ: ತೆರೆಯ ಮೇಲೆ ಕಂಡದ್ದು ಕಾಗದದ ಮೇಲೆ ಎಳ್ಳಷ್ಟೂ ಜರುಗದೆ ಬರುವುದು. ಇದಕ್ಕೆ ಅಪವಾದಗಳು ಕಾಗದ, ರಿಬ್ಬನ್, ಪ್ರಿಂಟರ್ ಮತ್ತು ಕರೆಂಟು.

ಎರಡನೆಯದು ಡ್ರಿಲ್‌ಡೌನತ್ವ: ಮೊತ್ತದ ಮೇಲೆ ಕ್ಲಿಕ್ಕಿಸಿದರೆ ಒಳಗಿನ ವಿವರ ಬಿಚ್ಚಿಕೊಳ್ಳುವುದು. ಡಾಟ್ ಮ್ಯಾಟ್ರಿಕ್ಸ್‌ನಿಂದ ಹರಿದುಕೊಂಡ ಹಾಳೆಯ ಮೇಲೆ ಅಂಗಡಿಯ ಯಜಮಾನರು ಬೆರಳಿಟ್ಟು "ಇದ್ಯಾವ್ದಪ್ಪಾ?" ಎಂದು ಕೇಳುವುದು ಇದರದೇ ಪ್ರಭೇದ. ಅಲ್ಲಿ ವಿವರ ಬಾಯಿಂದ ಬರಬೇಕು.

ಮೂರನೆಯದು ಶಬ್ದಮೊತ್ತತ್ವ: ಅಂಕಿಯನ್ನು ಮಾತಿನಲ್ಲಿ ಹೇಳುವುದು. ಇದಕ್ಕೆಂದು ಕ್ರಿಸ್ಟಲ್ ಕೊಡುವ ಸೂತ್ರಕ್ಕೆ ಮಿಲಿಯನ್ ಗೊತ್ತು, ಲಕ್ಷ ಗೊತ್ತಿಲ್ಲ. ಹೀಗಾಗಿ ಲಕ್ಷ, ಕೋಟಿಯ ಸೂತ್ರವನ್ನು ದೇಶದ ಬಿಲ್ಲು ಬರೆಯುವವರೆಲ್ಲ ತಂತಮ್ಮ ಮನೆಯಲ್ಲಿ ಹೊಸದಾಗಿ ಹೆರುತ್ತಾರೆ.

ನಾಲ್ಕನೆಯದು ಎಂಟರ್‌ಪ್ರೈಸತ್ವ. ಇದರ ಲಕ್ಷಣ ಬೆಲೆಯೊಂದೇ. ಉಳಿದ 12 ಗುಣಗಳನ್ನು ಓದುಗರು ಯಾವುದೇ ಮಾರಾಟಗಾರನ ಬಾಯಿಂದ ಕೇಳಿಕೊಳ್ಳಬಹುದು. ಇಲ್ಲಿ ಬರೆದರೆ ಹಾಳೆ ದಂಡ.

5. ಒತ್ತಕ್ಷರ ಪ್ರಕರಣ

ಯೂನಿಕೋಡ್‌ನಲ್ಲಿ ತೆಲುಗಿಗೆ 128 ಮನೆ. ಅದಕ್ಕೆ ಗೋಡೆ ತಾಗಿಸಿಕೊಂಡೇ ಕನ್ನಡಕ್ಕೆ 128 ಮನೆ. ಎರಡಕ್ಕೂ ಒತ್ತಕ್ಷರವುಂಟು. ಕೋಷ್ಟಕದ 'ಯೂನಿಕೋಡ್ ಬೆಂಬಲ' ಎಂಬ ಸಾಲಿನಲ್ಲಿ ಐದಕ್ಕೂ ಹಸಿರು ಟಿಕ್. ಅಂಥ ಟಿಕ್ಕಿನ ಒಂದು ಉಪಕರಣದಲ್ಲಿ, ಮಂಡಿಗೆ ಕಡಲೆಕಾಯಿ ಹಾಕಿದ ರೈತರ ಪಟ್ಟಿ ಪಿಡಿಎಫ್ ಆಯಿತು. ತೆರೆಯ ಮೇಲೆ ಸರಿಯಾಗಿದ್ದ ಲಕ್ಷ್ಮಮ್ಮ ಕಾಗದದಲ್ಲಿ 'ಲಕ್‌ಷ್‌ಮಮ್‌ಮ' ಆದರು. ಕೃಷ್ಣಪ್ಪ 'ಕೃಷ್‌ಣಪ್‌ಪ' ಆದ. "ಇದೇನಪ್ಪಾ, ನಮ್ಮೋರ ಹೆಸ್ರೆಲ್ಲ ಹಿಂಗ್ ಮುರ್ಕೊಂಡ್ ಬಿದ್ದೈತೆ?" ಎಂದರು ಯಜಮಾನರು. ಸಲಹೆಗಾರನ ಉತ್ತರ ಸಿದ್ಧವಿತ್ತು: "ಇಂಗ್ಲಿಷಲ್ಲೇ ಹಾಕ್ಬಿಡಿ ಸಾರ್."

ಇದರಲ್ಲಿ ಗೂಢವೇನಿಲ್ಲ. ಗಣಕದೊಳಗೆ ಕ, ವಿರಾಮ, ಷ, ವಿರಾಮ, ಮ ಎಂದು ಬಿಡಿಬಿಡಿಯಾಗಿ ಕೂತದ್ದನ್ನು ಫಾಂಟಿನ ನಿಯಮ ಓದಿ ಜೋಡಿಸುವ ಕೆಲಸ ಯಾರಾದರೂ ಮಾಡಬೇಕು. ತೆರೆಯ ಮೇಲೆ ಅದನ್ನು ಗಣಕದ ವ್ಯವಸ್ಥೆ ಮಾಡುತ್ತದೆ. ಹಳೆಯ ಐಟೆಕ್ಸ್ಟ್‌ನಂಥ ಪಿಡಿಎಫ್ ಲೈಬ್ರರಿಗಳು ಮಾಡದೆ ಅಕ್ಷರಗಳನ್ನು ಸಾಲಾಗಿ ಇಟ್ಟುಬಿಡುತ್ತವೆ. ಅದಕ್ಕೆ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಕ್ಷರದ ಮೇಲೆ ನುಡಿ ಫಾಂಟ್ ಹೊದಿಸಿ ಕಾಲ ತಳ್ಳಿದರು. ಮುದ್ರಣ ಚೆನ್ನಾಗಿಯೇ ಬರುತ್ತಿತ್ತು. ಹೆಸರು ಹುಡುಕಲು ಹೋದರೆ ಸಿಗುತ್ತಿರಲಿಲ್ಲ. ಆದರೆ ಜೋಡಿಸುವ ವಿದ್ಯೆ ಈಗ ಪುಕ್ಕಟೆ ಸಿಗುತ್ತದೆ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಅದನ್ನೇ ಮಾಡುತ್ತಿದೆ. ತಿಳಿದವರು ಬಿಲ್ಲನ್ನು ವೆಬ್ ಪುಟವಾಗಿ ಬರೆದು ಬ್ರೌಸರಿನಿಂದಲೇ ಮುದ್ರಿಸುತ್ತಾರೆ. ಹೆಂಜೇರಿನ ಕಲ್ಲುಕುಟಿಗನಿಗೆ ಉಳಿಯಲ್ಲಿ ಬಂದ ಒತ್ತಕ್ಷರ, ದುಡ್ಡು ತೆಗೆದುಕೊಂಡು ಮಾರುವ ಉಪಕರಣಕ್ಕೆ ಬಾರದಿದ್ದರೆ ಅದು ಕಷ್ಟದ ಕೆಲಸವೆಂದಲ್ಲ, ಕೇಳುವವರಿಲ್ಲವೆಂದು.

ಇಲ್ಲಿಗೆ ಮೀಮಾಂಸೆ ಸಾಕು. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಅಕ್ಷರ ಕಲಿತ ಹೆಂಗಸು ಕಾಯಿ ತೂಗಿಸಿ, ಕೈಗೆ ಬಂದ ಚೀಟಿಯನ್ನು ಪಕ್ಕದವರಿಗೆ ಕೊಟ್ಟು "ಎಷ್ಟಂತೆ ನೋಡಪ್ಪಾ" ಎನ್ನಬೇಕು. ಕಚೇರಿಯ ಕಾಗದ ತೆಲುಗಿನಲ್ಲಿ, ಅಂಗಡಿಯ ಕಾಗದ ಇಂಗ್ಲಿಷಿನಲ್ಲಿ, ಅವಳ ಓದು ಮನೆಯಲ್ಲಿ. ತೂಕ ಸರಿಯೇ, ಕಮಿಷನ್ ಎಷ್ಟು ಮುರಿದರು, ತನ್ನ ಹೆಸರೇ ಬಿದ್ದಿದೆಯೇ ಎಂದು ಅವಳು ತಾನೇ ನೋಡಿಕೊಳ್ಳಬೇಕು. ವರದಿ ಇರುವುದೇ ಅದಕ್ಕೆ. ಆರಿಸುವ ಕ್ರಮವೂ ಇಷ್ಟೇ: ದುಡ್ಡು ಕೊಡುವ ಮೊದಲು ಮಾರಾಟಗಾರನ ಮುಂದೆಯೇ 'ಲಕ್ಷ್ಮಮ್ಮ' ಎಂದು ಟೈಪು ಮಾಡಿ, ಪಿಡಿಎಫ್ ಮಾಡಿಸಿ, ಕಾಗದಕ್ಕೆ ಹಾಕಿಸಿ. ಹೆಸರು ಮುರಿದರೆ ಎದ್ದು ಬನ್ನಿ. ಓದಬಲ್ಲವಳ ಕೈಗೆ ಓದಲಾಗದ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಯಾವ ಉಪಕರಣ ಮೇಲು ಎಂಬ ಚರ್ಚೆಗೆ 40 ಮಾನದಂಡ ಬೇಕಿಲ್ಲ, ಮಾನ ಇಲ್ಲದಿದ್ದರೆ ಸಾಕು.