ನಳ ಬಂದ್ರ ಗೋವಾ ಕ್ಯಾನ್ಸಲ್

ಹುಬ್ಬಳ್ಳಿ-ಧಾರವಾಡದಲ್ಲಿ ಗೋವಾ ಟ್ರಿಪ್ಪಿಗೆ ಮುಹೂರ್ತ ಇಡುವವನು ನೀರು ಬಿಡುವ ವಾಲ್ವ್‌ಮನ್. ವಾರಗಟ್ಟಲೆ ಕಾಯಿಸಿದ ನಳ ಶನಿವಾರ ರಾತ್ರಿಯೇ ಬರುತ್ತದಂತೆ ಎಂದು ಓಣಿಯಲ್ಲಿ ಸುದ್ದಿಯಾದರೆ ಕ್ರೂಸರ್ ಗಾಡಿಗೆ ಕೊಟ್ಟ ಅಡ್ವಾನ್ಸ್ ಮುಳುಗಿದಂತೆಯೇ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ನಳ ಓಡಿಹೋಗುತ್ತದೆ. ಕೊನೆಗೆ ಒಂದು ತೋಡು ಸಿಗುತ್ತದೆ: "ಅವ್ವಾ, ನಿನಗ ಹೆಂಗೂ ಮಣಕಾಲು ನೋವು, ಉಸುಕಿನ್ಯಾಗ ನಡಿಯಾಕ ಆಗೂದಿಲ್ಲ. ನೀ ಮನ್ಯಾಗಿದ್ದು ನೀರು ತುಂಬಿಸು." ಹೀಗೆ ಹಿರಿಯರನ್ನು ಬ್ಯಾರಲ್ಲುಗಳ ಕಾವಲಿಗೆ ಕೂರಿಸಿ ಉಳಿದವರು ನೀರು ನೋಡಲು ಹೊರಡುತ್ತಾರೆ.

ಹಾಗೆ ನೋಡಿದರೆ ನಮ್ಮಲ್ಲೇ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಕೆಲವೇ ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂದು ಬಹಳ ವರ್ಷವಾಯಿತು. ಆ ವಾರ್ಡುಗಳನ್ನು ಪ್ರವಾಸೋದ್ಯಮ ಇಲಾಖೆ ಇನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿಲ್ಲ ಎನ್ನುವುದೇ ಆಶ್ಚರ್ಯ.

ಸಮುದ್ರಕ್ಕೆ ರೈಲಿನಲ್ಲಿ ಹೋಗಬಹುದಲ್ಲ ಎಂದು ಪರಸ್ಥಳದವರು ಕೇಳುತ್ತಾರೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1996-97ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಹಾಗೆಂದು ರೈಲ್ವೆಯವರು ಸುಮ್ಮನೆ ಕೂತಿಲ್ಲ. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿ ನಿಲ್ದಾಣಕ್ಕೆ 1,507 ಮೀಟರಿನ, ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಕೊಟ್ಟರು. ಅದರ ತುದಿಯವರೆಗೆ ನಡೆದರೆ ಅಂಕೋಲೆಯ ದಿಕ್ಕಿನಲ್ಲಿ ಒಂದೂವರೆ ಕಿಲೋಮೀಟರ್ ಸಾಗಿದಂತೆ ಎಂದು ತಿಳಿದುಕೊಳ್ಳಬೇಕು. ಉಳಿದದ್ದು ಸಹ್ಯಾದ್ರಿಯ ಕಾಡು. ಆ ಕಾಡು ಉಳಿದದ್ದೇ ಒಳ್ಳೆಯದಾಯಿತು ಎಂದು ನನಗೆ ಒಳಗೊಳಗೆ ಅನಿಸುತ್ತದೆ, ಆದರೆ ಹುಬ್ಬಳ್ಳಿಯ ಯಾವ ಚಹಾದಂಗಡಿಯಲ್ಲೂ ಇದನ್ನು ಗಟ್ಟಿಯಾಗಿ ಆಡುವ ಧೈರ್ಯ ನನಗಿಲ್ಲ.

ಈ ಕಾಯುವಿಕೆ ನಮ್ಮ ಮುತ್ತಜ್ಜಂದಿರಿಂದ ಬಂದದ್ದು. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದವರು ನಾವು, ಪರದೇಶದ ಪೇಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಯಿಲ್ಲದೆ ಒದ್ದಾಡುತ್ತಿದ್ದಾಗ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ದೊಡ್ಡ ಬಂದರಾಗುತ್ತದೆ, ಹುಬ್ಬಳ್ಳಿಯಿಂದ ರೈಲು ಬರುತ್ತದೆ ಎಂಬ ಮಾತೂ ಹುಟ್ಟಿತು. ರೈಲೇನೋ ಬಂತು, ಆದರೆ ಅದು ಇಳಿದದ್ದು ಪೋರ್ಚುಗೀಸರ ಮರ್ಮಗೋವಾಕ್ಕೆ. ನಮ್ಮ ಮುಖ ಗೋವಾದ ಕಡೆ ತಿರುಗಿದ್ದು ಆವಾಗ. ಇನ್ನೂ ಇತ್ತ ತಿರುಗಿಲ್ಲ.

ಅದೇ ಹಳಿಯ ಮೇಲೆ ಕ್ಯಾಸಲ್‌ರಾಕ್ ದಾಟಿದರೆ ದೂಧಸಾಗರ. ಮಳೆಗಾಲದಲ್ಲಿ ಅಲ್ಲಿಗೆ ಹಳಿ ಹಿಡಿದು ನಡೆದುಹೋಗುವುದು ನಮ್ಮ ಹುಡುಗರ ಶೌರ್ಯ. 2023ರ ಜುಲೈನಲ್ಲಿ ರೈಲ್ವೆ ಪೊಲೀಸರು ಅಂಥವರನ್ನು ಹಿಡಿದು ಹಳಿಯ ಮಗ್ಗುಲಲ್ಲೇ ಬಸ್ಕಿ ಹೊಡೆಸಿದರು. ಸೌಂದರ್ಯವನ್ನು ಬೋಗಿಯೊಳಗೆ ಕೂತು ಸವಿಯಿರಿ ಎಂದು ನೈಋತ್ಯ ರೈಲ್ವೆ ವಿನಂತಿ ಮಾಡಿಕೊಂಡಿತು. ಬಸ್ಕಿಯ ವಿಡಿಯೋ ನೋಡಿದ ಮೇಲೆ, ದಂಡವಿಲ್ಲದೆ ಬರೀ ವ್ಯಾಯಾಮ ಎಂದು ಖಾತ್ರಿಯಾಗಿ, ಮತ್ತಷ್ಟು ಮಂದಿಗೆ ಹೋಗುವ ಉಮೇದು ಬಂತು.

ನಮ್ಮದೇ ಕರಾವಳಿ ಏನು ಕಡಿಮೆ ಎಂದು ವಾದಿಸುವ ಅಭಿಮಾನಿಗಳೂ ಇದ್ದಾರೆ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಎಂದು ಗಾದೆಯೇ ಇದೆಯಲ್ಲ. ಈಗ ಯಾಣದ ಬಂಡೆಯ ಹತ್ತಿರದವರೆಗೂ ಗಾಡಿ ಹೋಗುವುದರಿಂದ ಸೊಕ್ಕಿನ ಬೆಲೆ ಇಳಿದಿದೆ. ಓಂ ಬೀಚಿನ ಶನಿವಾರದ ಬಾಡಿಗೆಯಿಂದ ರೊಕ್ಕದ ಬೆಲೆ ಏರಿದೆ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮನ್ನಣೆ ಸಿಕ್ಕಿತು. ಹೋಗಿಬಂದವರ ವರದಿ: "ಬಾಳ ಸ್ವಚ್ಛ ಐತಿ ಬಿಡ್ರಿ, ಮಜಾ ಇಲ್ಲ." ಸೊಕ್ಕೂ ರೊಕ್ಕವೂ ಇಲ್ಲದವರಿಗೆ ಉಣಕಲ್ ಕೆರೆ ಇದೆ. ಅಲ್ಲೇ ಚಂದ್ರಮೌಳೇಶ್ವರ ಗುಡಿ ಇದೆ, ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತ ಮನೆಗಳು ಎಷ್ಟು ಒತ್ತಿ ನಿಂತಿವೆಯೆಂದರೆ ನಾಲ್ಕರಲ್ಲಿ ಯಾವ ಬಾಗಿಲಿಗೂ ಹುಬ್ಬಳ್ಳಿಯವರು ಬರಲಿಲ್ಲ. ಓಲ್ಡ್ ಗೋವಾದ ಚರ್ಚಿನ ಮುಂದೆ ಫೋಟೋ ಇಲ್ಲದ ಮನೆ ಮಾತ್ರ ನಮ್ಮಲ್ಲಿ ಸಿಗಲಿಕ್ಕಿಲ್ಲ.

ಒಂದೇ ದಿನದಲ್ಲಿ ಗೋವಾ ಮುಗಿಸುವುದು ಒಂದು ವಿದ್ಯೆ. ನಸುಕಿಗೆ ಮೊದಲೇ ಹೊರಟು ಅಳ್ನಾವರ, ಲೋಂಡಾ, ರಾಮನಗರ, ಅನಮೋಡ ಘಟ್ಟ. ಆಮೇಲೆ ಮಂಗೇಶಿ, ಚರ್ಚು, ಪಣಜಿ, ದೋನಾ ಪಾವುಲಾ, ಅಗ್ವಾದ ಕೋಟೆ, ಕಲಂಗುಟ್. ಪ್ರತಿ ಜಾಗಕ್ಕೂ ಗಾಡಿಯಿಂದ ಇಳಿಯಲು ಹಿಡಿಯುವ ಹೊತ್ತು, ಹತ್ತಲು ಹಿಡಿಯುವ ಹೊತ್ತು. ನಡುವೆ ಉಳಿದರೆ ನೋಡುವುದು. ಜೊತೆಗೆ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಬುತ್ತಿ. ಬುತ್ತಿಗೆ ತೃಪ್ತರಾಗದೆ ಸಿಲಿಂಡರ್ ಒಲೆಯನ್ನೇ ಹೊತ್ತು ತಂದು ರಸ್ತೆಬದಿ ಒಗ್ಗರಣೆ ಹಾಕುವವರೂ ಹೆಚ್ಚಾದಾಗ, 2019ರಲ್ಲಿ ಗೋವಾ ಸರ್ಕಾರ ಪ್ರವಾಸಿ ತಾಣದ ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ ದಂಡ ಎಂದಿತು: ಒಬ್ಬನಿಗೆ 2,000 ರೂಪಾಯಿ, ಗುಂಪಿಗೆ 10,000. ಕ್ರೂಸರಿನೊಳಗೆ ಕೂಡಲೇ ಲೆಕ್ಕ ನಡೆಯಿತು. ಹದಿನಾಲ್ಕು ಮಂದಿ, ತಲೆಗೆ 714. "ಬೀಚಿನ ಹೋಟೆಲ್ ಬಿಲ್ಲಿಗಿಂತ ಸೋವಿ ಆತಲ್ಲೋ ಮಾವಾ!"

ಕಲಂಗುಟ್ಟಿನ ಉಸುಕಿನಲ್ಲಿ ಕನ್ನಡಿ ಹೊಲಿದ ಚೀಲ, ಮಣಿಸರ ಮಾರುವ ಲಂಬಾಣಿ ಹೆಣ್ಣುಮಗಳು ಎದುರಾಗುತ್ತಾಳೆ. ನಮ್ಮವನು ಎದೆಯುಬ್ಬಿಸಿ ಹಿಂದಿಯಲ್ಲಿ ಚೌಕಾಸಿಗೆ ಇಳಿಯುತ್ತಾನೆ. "ಪಚಾಸ್ ದೇಂಗೆ, ಪಚಾಸ್!" ಆಕೆ ತಣ್ಣಗೆ ಹೇಳುತ್ತಾಳೆ: "ಐವತ್ತಕ್ಕ ಗಿಟ್ಟೂದಿಲ್ರೀ ಅಣ್ಣಾರ. ಹುಬ್ಬಳ್ಳ್ಯಾವ್ರಲ್ಲೇನ್ರಿ ನೀವು? ನಾವು ಗದಗ ಕಡ್ಯಾವ್ರು." ನಮ್ಮವನ ಕಣ್ಣು ತುಂಬಿ ಬರುತ್ತದೆ. "ನಮ್ಮವರ ಅಂದ್ಮ್ಯಾಲ ನಲವತ್ತಕ್ಕ ಕೊಡವಾ." ಗೋವಾದ ಹೋಟೆಲುಗಳಿಗೆ ಇಟ್ಟಿಗೆ ಹೊತ್ತವರು, ರಸ್ತೆಗೆ ಜಲ್ಲಿ ಸುರಿದವರು ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು ಎಷ್ಟೋ ಮಂದಿ. ವಾಸ್ಕೋದ ಬಾಯ್ನಾ ಬೀಚಿಗೆ 2004ರಲ್ಲಿ ಬುಲ್ಡೋಜರ್ ಬಂದಾಗ ಬೀದಿಗೆ ಬಿದ್ದವರಲ್ಲೂ ಕನ್ನಡದವರಿದ್ದರು. ಅದೂ ಬೀಚೇ. ಯಾವ ಪ್ಯಾಕೇಜಿನಲ್ಲೂ ಇಲ್ಲ.

ಸಂಜೆಯ ಕಾರ್ಯಕ್ರಮ ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲೆ ಬೋಟು. ಈ ಮಾಂಡೋವಿ ಯಾರೆಂದರೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಕಳಸಾ-ಬಂಡೂರಿ ಯೋಜನೆಯ 3.9 ಟಿಎಂಸಿ ಮಲಪ್ರಭೆಗೆ, ಅಲ್ಲಿಂದ ಹುಬ್ಬಳ್ಳಿ-ಧಾರವಾಡದಂಥ ಊರುಗಳ ನಳಕ್ಕೆ ಬರಬೇಕು. ಬಂದಿಲ್ಲ. ನೀರು ನಮ್ಮಲ್ಲಿಗೆ ಬಾರದಿದ್ದರೆ ನಾವೇ ಅದಿದ್ದಲ್ಲಿಗೆ ಹೋಗಿ, ಟಿಕೀಟು ತೆಗೆಸಿ, ಅದರ ಮೇಲೆ ಕುಣಿದು ಬರುತ್ತೇವೆ. ರೊಕ್ಕ ಇನ್ನೂ ಉಳಿದಿದ್ದರೆ ತೇಲುವ ಕ್ಯಾಸಿನೊ ಇದೆ. 2020ರ ಫೆಬ್ರವರಿಯಿಂದ ಗೋವಾ ಸರ್ಕಾರ ತನ್ನ ಮಂದಿ ಅಲ್ಲಿ ಜೂಜಾಡಬಾರದು ಎಂದು ತಡೆದಿದೆ. ಅಂದರೆ ಮಹದಾಯಿಯ ಮೇಲೆ ಮುಳುಗುವ ಹಕ್ಕಿನಲ್ಲಿ ನಮಗೆ ಗೋವಾದ ಪೈಪೋಟಿಯಿಲ್ಲ. ನಮ್ಮ ಪಾಲಿನ ನೀರನ್ನು ಕೆಲವರು ಅಲ್ಲೇ ಸೋಡಾ ಬೆರೆಸಿ ಪಡೆಯುತ್ತಾರೆ. ಇನ್ನು ಕೆಲವರು ಬಾಟಲಿಯಲ್ಲಿ ತರಲು ಹೋಗಿ ಅನಮೋಡದ ಅಬಕಾರಿ ಚೆಕ್‌ಪೋಸ್ಟಿನಲ್ಲಿ ಸೀಟಿನ ಕೆಳಗಿನಿಂದ ಹೊರತೆಗೆಯುತ್ತಾರೆ.

ಸೋಮವಾರ ಚೆನ್ನಮ್ಮ ಸರ್ಕಲ್ಲಿನಲ್ಲಿ ಮಹದಾಯಿಗಾಗಿ ಧರಣಿ. ಮೂಗಿನ ತುದಿ ಬಿಸಿಲಿಗೆ ಸುಲಿದವರು, ಎದೆಯ ಮೇಲೆ ತಾಳೆಮರದ ಚಿತ್ರವಿರುವ ಟೀಶರ್ಟಿನವರು ಹಾಜರು. ನೀರಿನ ವಿಷಯದಲ್ಲಿ ರಾಜಿಯಿಲ್ಲ, ಗೋವಾ ಬಸ್ಸುಗಳನ್ನು ತಡೆಯಲೇಬೇಕು ಎಂದು ಮೈಕು ಗರ್ಜಿಸುತ್ತದೆ. ಯಾವತ್ತು?

"ಶುಕ್ರವಾರ!"

ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ ಏಳುತ್ತಾನೆ. "ಶುಕ್ರವಾರ ಬ್ಯಾಡ್ರೀ ಅಣ್ಣಾರ, ಬುಕಿಂಗ್ ಆಗೇತಿ. ಗುರುವಾರ ಇಟ್ಕೊಳ್ರಿ."