ಬಂಕ್ ನಿಷ್ಠೆ

ಮದುವೆ ಊಟ ಮುಗಿದು ಎಲೆ ಅಡಿಕೆ ಬಾಯಿಗೆ ಬಿದ್ದ ಮೇಲೆ ಗಂಡಸರು ಮಾತಾಡುವ ವಿಷಯಗಳು ನಾಲ್ಕೇ: ರಾಜಕೀಯ, ಸೈಟಿನ ರೇಟು, ಶುಗರ್ರು ಮತ್ತು ಗಾಡಿಯ ಮೈಲೇಜು. ಮೊದಲ ಮೂರರಲ್ಲಿ ಯಾರಾದರೂ ಒಬ್ಬ ಸೋತು ಬೀಡ ಉಗುಳಲು ಎದ್ದು ಹೋಗುವುದುಂಟು. ಮೈಲೇಜಿನಲ್ಲಿ ಮಾತ್ರ ಯಾರೂ ಸೋತದ್ದನ್ನು ನಾನು ಕಂಡಿಲ್ಲ. ಸಾಕ್ಷಿ ಹೇಳಬೇಕಾದ ಪೆಟ್ರೋಲು ಅಷ್ಟು ಹೊತ್ತಿಗೆ ಹೊಗೆಯಾಗಿ ಹೋಗಿರುತ್ತದಲ್ಲ.

ನಮ್ಮ ಭಾವ ಈ ವಿಷಯದಲ್ಲಿ ಪಂಡಿತರು. ಹಾಸನದಲ್ಲಿ ಅವರ ಮನೆಯಿಂದ ಕೂಗಳತೆಯಲ್ಲೇ ಒಂದು ಬಂಕಿದೆ. ಅದನ್ನು ದಾಟಿ, ಮುಂದಿನ ಇನ್ನೊಂದನ್ನೂ ದಾಟಿ, ರೈಲ್ವೆ ಗೇಟಿನಲ್ಲಿ ಕಾದು, ಬೈಪಾಸಿನ ಪಕ್ಕದ ಮೂರನೆಯದಕ್ಕೆ ಹೋಗಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಾರೆ. "ನೋಡಪ್ಪಾ, ಇಲ್ಲಿ ಹಾಕಿಸಿದ್ರೆ ನಲವತ್ತೆರಡು ಕೊಡುತ್ತೆ. ಅಲ್ಲಿ ಹಾಕಿಸಿದ್ರೆ ನಲವತ್ತೆಂಟು. ಗಾಡಿ ಅದೇ, ರೋಡು ಅದೇ, ಓಡಿಸೋನು ನಾನೇ. ಕಂಪನಿ ಬೇರೆ, ಅಷ್ಟೇ" ಎನ್ನುತ್ತಾರೆ. ಯಾವ ವಾರ ಕಾಲಿನ ಹತ್ತಿರ ಅಕ್ಕಿ ಮೂಟೆ ಇತ್ತು, ಯಾವ ವಾರ ಚಕ್ರದಲ್ಲಿ ಗಾಳಿ ಕಮ್ಮಿಯಿತ್ತು ಎಂಬುದೆಲ್ಲ ಅವರ ಪಾಕೆಟ್ ಡೈರಿಯಲ್ಲಿ ಬರೆದಿಲ್ಲ. ಬೈಪಾಸಿಗೆ ಹೋಗಿ ಬರಲು ಸುಟ್ಟ ಪೆಟ್ರೋಲಿನ ಲೆಕ್ಕವೂ ಇಲ್ಲ.

ಭಾವ ಒಬ್ಬರೇ ಅಲ್ಲ. ಬಂಕಿಗೊಂದು ಶಾಸ್ತ್ರವೇ ಬೆಳೆದಿದೆ. ನೂರು ರೂಪಾಯಿಗೆ ಹಾಕಿಸಬಾರದು, ಮೆಷಿನ್ನು ಆ ಅಂಕಿಗೆ 'ಸೆಟ್' ಆಗಿರುತ್ತದೆ, ನೂರಾಹತ್ತಕ್ಕೆ ಹಾಕಿಸಬೇಕು. ಈಗ ಊರಿಗೆ ಊರೇ ನೂರಾಹತ್ತಕ್ಕೆ ಹಾಕಿಸುತ್ತಿರುವುದರಿಂದ, ಮೋಸ ಮಾಡುವವನಿದ್ದರೆ ಅವನು ನೂರಾಹತ್ತಕ್ಕೆ ಸೆಟ್ ಮಾಡಿಕೊಂಡಿರಬೇಕು ಎಂದು ಯಾರಿಗೂ ಹೊಳೆದಂತಿಲ್ಲ. ಇನ್ನೊಂದು, ಬೆಳ್ಳಂಬೆಳಿಗ್ಗೆ ಹಾಕಿಸಬೇಕು, ತಂಪಿಗೆ ಪೆಟ್ರೋಲ್ ಗಟ್ಟಿಯಾಗಿ ಹೆಚ್ಚು ಬರುತ್ತದೆ ಎಂಬುದು. ಪೆಟ್ರೋಲು ಇರುವುದು ನೆಲದಡಿಯ ಟ್ಯಾಂಕಿನಲ್ಲಿ. ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಸೆಕೆ ಹೆಚ್ಚುಕಡಿಮೆ ಒಂದೇ. ನಿದ್ದೆಗೆಟ್ಟದ್ದಷ್ಟೇ ಲಾಭ.

ನಿಷ್ಠೆಯ ಈ ರೋಗ ವಂಶಪಾರಂಪರ್ಯ. ನಮ್ಮ ದೊಡ್ಡಪ್ಪನ ಹತ್ತಿರ ಮೈಸೂರಿನಲ್ಲೇ ತಯಾರಾದ ಜಾವಾ ಮೋಟಾರ್‌ಸೈಕಲ್ ಇತ್ತು. ಅದಕ್ಕೆ ಅವರು ಎಸ್ಸೋ ಬಿಟ್ಟು ಬೇರೆ ಪೆಟ್ರೋಲ್ ಮುಟ್ಟಿಸುತ್ತಿರಲಿಲ್ಲ. ಟ್ಯಾಂಕಿನೊಳಗೆ ಹುಲಿ ಬಿಟ್ಟುಕೊಳ್ಳಿ ಎಂದು ಆ ಕಂಪನಿ ಲೋಕಕ್ಕೆಲ್ಲ ಜಾಹೀರಾತು ಕೊಡುತ್ತಿದ್ದ ಕಾಲ. ದೊಡ್ಡಪ್ಪ ಅದನ್ನು ಅಕ್ಷರಶಃ ನಂಬಿದ್ದರು. 1974ರಲ್ಲಿ ಸರ್ಕಾರ ಎಸ್ಸೋವನ್ನು ವಹಿಸಿಕೊಂಡಿತು, ಅದು ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು. ಅದೇ ಬಂಕು, ಅದೇ ಟ್ಯಾಂಕು, ಹ್ಯಾಂಡಲ್ ಹಿಡಿಯುವವನೂ ಅವನೇ. ಬದಲಾದದ್ದು ಬೋರ್ಡು. ದೊಡ್ಡಪ್ಪ ಮಾತ್ರ, "ಹುಲಿ ಹೋಯ್ತು ಕಣೋ, ಈಗ ಬರೀ ಬೆಕ್ಕು" ಎಂದು ಬಹಳ ದಿನ ಕೊರಗಿದರು. ಎರಡು ವರ್ಷ ಕಳೆದು ಬರ್ಮಾ ಶೆಲ್ ಕೂಡ ಸರ್ಕಾರದ ಕೈಸೇರಿದಾಗ ಅವರಿಗೆ ಸ್ವಲ್ಪ ಸಮಾಧಾನವಾಯಿತು; ಪಕ್ಕದ ಮನೆಯವರದೂ ಹೋಯಿತಲ್ಲ ಎಂದು. ತಮಾಷೆಯೆಂದರೆ ಜಾವಾ ಟೂ-ಸ್ಟ್ರೋಕ್ ಗಾಡಿ. ಪೆಟ್ರೋಲಿನ ಶುದ್ಧಿಯ ಬಗ್ಗೆ ಅಷ್ಟು ಭಾಷಣ ಮಾಡಿದ ಮನುಷ್ಯ, ಹಾಕಿಸಿದ ಕೂಡಲೇ ತನ್ನ ಕೈಯಾರೆ ಅದಕ್ಕೆ ಆಯಿಲ್ ಬೆರೆಸುತ್ತಿದ್ದರು.

ಈಗ ಆ ಮಾಲು ಎಲ್ಲಿಂದ ಬರುತ್ತದೆ ಎಂಬ ವಿಷಯಕ್ಕೆ ಬರೋಣ. ಭಾವನವರ ಹಾಸನಕ್ಕೇ ಇದರಲ್ಲಿ ಒಂದು ಪಾತ್ರವಿದೆ. ಮಂಗಳೂರಿನ ಸುರತ್ಕಲ್ ಬಳಿ ಎಂ.ಆರ್.ಪಿ.ಎಲ್. ರಿಫೈನರಿ. ಅಲ್ಲಿಂದ ಘಟ್ಟ ಹತ್ತಿ, ಹಾಸನ ಹಾದು, ಬೆಂಗಳೂರಿನಾಚೆ ಹೊಸಕೋಟೆ ಕಡೆಯ ದೇವನಗೊಂದಿಯವರೆಗೆ ನೆಲದಡಿ ಒಂದು ಪೈಪು ಹೋಗಿದೆ, ಸುಮಾರು 360 ಕಿಲೋಮೀಟರ್. ಪೆಟ್ರೋಲು, ಅದರ ಬೆನ್ನಿಗೆ ಡೀಸೆಲ್ಲು, ಎಲ್ಲವೂ ಸರದಿಯ ಮೇಲೆ ಅದೇ ಪೈಪಿನಲ್ಲಿ. ಒಂದರ ಬಾಲ ಇನ್ನೊಂದರ ತಲೆಗೆ ತಾಗಿ ಬೆರಕೆಯಾದ ಭಾಗವನ್ನು ಟರ್ಮಿನಲ್ಲಿನಲ್ಲಿ ಬೇರೆ ತೆಗೆಯುತ್ತಾರೆ. ಅತ್ತ ಚೆನ್ನೈನ ಮಣಲಿ ರಿಫೈನರಿ ಕಡೆಯಿಂದ ಬರುವ ಇನ್ನೊಂದು ಪೈಪು ಕೂಡ ಸೇರುವುದು ಅದೇ ದೇವನಗೊಂದಿಗೆ. ಸರ್ಕಾರಿ ಕಂಪನಿಗಳು ತಮ್ಮ ರಿಫೈನರಿ ಎಲ್ಲಿ ಹತ್ತಿರವಿಲ್ಲವೋ ಅಲ್ಲಿ ಇನ್ನೊಬ್ಬರ ಮಾಲನ್ನು ಎತ್ತುತ್ತವೆ. ಇದು ಗುಟ್ಟೇನೂ ಅಲ್ಲ, ದಿನದ ವ್ಯವಹಾರ. ಶೆಲ್‌ಗಂತೂ ನಮ್ಮ ದೇಶದಲ್ಲಿ ಸ್ವಂತ ರಿಫೈನರಿಯೇ ಇಲ್ಲ. ಮಂಗಳೂರಿನ ಪೈಪಿಗೆ ಬಂಟ್ವಾಳದ ಕಡೆ ಯಾರೋ ಕನ್ನ ಹಾಕಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಕದ್ದವರು ಯಾವ ಕಂಪನಿಯದೆಂದು ನೋಡಿ ಕದ್ದಂತೆ ಕಾಣಲಿಲ್ಲ.

ಭಾವನಿಗೆ ಇದನ್ನು ಮದುವೆ ಮನೆಯ ಭಾಷೆಯಲ್ಲೇ ಹೇಳಿದೆ: ಹುಳಿ ಬೆಂದದ್ದು ಒಂದೇ ಕೊಪ್ಪರಿಗೆಯಲ್ಲಿ, ಬಡಿಸುವವರು ಬಕೆಟ್ಟಿಗೆ ತುಂಬಿಕೊಂಡ ಮೇಲೆ ಒಬ್ಬೊಬ್ಬರು ಒಂದೊಂದು ಚಮಚ ಒಗ್ಗರಣೆ ಹಾಕಿಕೊಂಡಿದ್ದಾರೆ. ಆ ಒಗ್ಗರಣೆಗೆ ಅಡಿಟಿವ್ ಎಂದು ಹೆಸರು. ಎಂಜಿನ್ನಿನೊಳಗೆ ಮಸಿ ಕೂರದಂತೆ ತೊಳೆಯುವ ರಾಸಾಯನಿಕ. ಟ್ಯಾಂಕರಿಗೆ ತುಂಬುವ ಹೊತ್ತಿಗೆ ಕಂಪನಿಗಳು ತಮ್ಮ ತಮ್ಮದನ್ನು ಸೇರಿಸುತ್ತವೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ನಿಜವಾದ ಫರಕು ಇರುವುದು ಇಲ್ಲಿ, ಅದೂ ಚಮಚದ ಲೆಕ್ಕದಲ್ಲಿ. ಅದರ ಗುಣ ಕಾಣಬೇಕಾದರೆ ಸಾವಿರಾರು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಚ್ಚಿ ನೋಡಬೇಕು. ಬೈಪಾಸಿನಿಂದ ಮನೆಗೆ ಬರುವಷ್ಟರಲ್ಲಿ ಪಿಕಪ್ ಜಾಸ್ತಿಯಾಯಿತು ಅನ್ನುವುದು ಬರೀ ಭ್ರಮೆ. ಭಾವ ಎಲ್ಲ ಕೇಳಿ, "ಒಗ್ಗರಣೆಯಲ್ಲೇ ಅಲ್ವೇನಯ್ಯಾ ರುಚಿ ಇರೋದು" ಅಂದರು. ಹೋಲಿಕೆ ಕೊಡುವವರು ಎಚ್ಚರಿಕೆಯಿಂದಿರಬೇಕು.

ಉಳಿದದ್ದೆಲ್ಲ ಕಾನೂನಿನ ಹಗ್ಗದಲ್ಲಿ ಕಟ್ಟಿದ್ದು. ಪೆಟ್ರೋಲಿಗೆ ಐ.ಎಸ್. 2796 ಎಂಬ ಭಾರತೀಯ ಮಾನಕವಿದೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿ.ಎಸ್. 6 ಬಂದ ಮೇಲೆ ಒಂದು ಕಿಲೋ ಪೆಟ್ರೋಲಿನಲ್ಲಿ ಗಂಧಕ 10 ಮಿಲಿಗ್ರಾಂ ದಾಟುವಂತಿಲ್ಲ. ನೀಲಿ ಬೋರ್ಡಾಗಲಿ, ಹಳದಿ ಬೋರ್ಡಾಗಲಿ, ನಿಯಮ ಒಂದೇ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಹಾಗಾಗಿ ಮೈಲೇಜು ಒಂದಿಷ್ಟು ಇಳಿಯುವುದು ನಿಜ. ಆದರೆ ಎಲ್ಲ ಕಂಪನಿಯ ಬಂಕಿನಲ್ಲೂ ಒಂದೇ ಸಮ ಇಳಿಯುತ್ತದೆ. ಎಥನಾಲ್ ಕೊಡುವ ಕಬ್ಬಿಗೆ ಕಂಪನಿಯ ಭೇದವಿಲ್ಲ.

ಇನ್ನು 95, 97, 100 ಎಂದು ಅಂಕಿ ಹೊತ್ತ ದುಬಾರಿ ಪೆಟ್ರೋಲು. ಆ ಅಂಕಿ ಆಕ್ಟೇನ್, ಶಕ್ತಿಯ ಅಳತೆ ಅಲ್ಲ. ಸಿಲಿಂಡರಿನಲ್ಲಿ ಒತ್ತಡ ಬಿದ್ದಾಗ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ತಾಳ್ಮೆಯ ಅಳತೆ. ಹೆಚ್ಚು ಒತ್ತಡದ ಎಂಜಿನ್ನಿನ ದುಬಾರಿ ಬೈಕಿಗೆ ಆ ತಾಳ್ಮೆ ಬೇಕು. ಸಂತೆಪೇಟೆಗೆ ಸೊಪ್ಪು ತರಲು ಹೋಗುವ ಸ್ಕೂಟರಿಗೆ ನೂರು ಆಕ್ಟೇನ್ ಹಾಕಿಸಿದರೆ ತಾಳ್ಮೆ ಬೇಕಾಗುವುದು ಹೆಂಡತಿಗೆ, ತಿಂಗಳ ಕೊನೆಯಲ್ಲಿ.

ಹಾಗಾದರೆ ಬಂಕಿಗೂ ಬಂಕಿಗೂ ವ್ಯತ್ಯಾಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಆದರೆ ಅದು ಬೋರ್ಡಿನಲ್ಲಿಲ್ಲ, ಬೋರ್ಡಿನ ಬುಡದಲ್ಲಿ ಹೂತ ಟ್ಯಾಂಕಿನಲ್ಲಿದೆ.

ಆಷಾಢದ ಮಳೆಯಲ್ಲಿ ಸಕಲೇಶಪುರದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ದಾರಿ ಬದಿಯ ಒಂದು ಬಂಕಿನಲ್ಲಿ ಹಾಕಿಸಿದೆ. ಗಿರಾಕಿಗಳಿಲ್ಲ, ಅಂಗಳದಲ್ಲಿ ಮೊಣಕಾಲು ಮುಳುಗುವ ನೀರಿಲ್ಲದಿದ್ದರೂ ಚಪ್ಪಲಿ ತೇಲುವಷ್ಟಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಿತು, ಕೆಮ್ಮಿತು, ನಿಂತಿತು. ತಳ್ಳಿಕೊಂಡು ಹೋದಾಗ ಸಿಕ್ಕ ಮೆಕ್ಯಾನಿಕ್ ಏನೂ ಕೇಳಲಿಲ್ಲ. ಪೆಟ್ರೋಲ್ ಪೈಪು ಎಳೆದು, ಖಾಲಿ ನೀರಿನ ಬಾಟಲಿಗೆ ಬಸಿದು, ಬಲ್ಬಿನ ಕೆಳಗೆ ಹಿಡಿದು ಸುಮ್ಮನೆ ನಿಂತ. ಒಂದು ನಿಮಿಷದಲ್ಲಿ ಬಾಟಲಿಯಲ್ಲಿ ಅಡ್ಡಗೆರೆ ಎಳೆದಂತೆ ಎರಡು ಪದರ: ಮೇಲೆ ತೆಳು ಕಿತ್ತಳೆ, ಕೆಳಗೆ ಮಬ್ಬು ಬಿಳಿ. "ಮೇಲಿರೋದು ಪೆಟ್ರೋಲು ಸಾರ್, ಕೆಳಗಿರೋದು ನೀರು. ರೇಟು ಎರಡಕ್ಕೂ ಒಂದೇ" ಅಂದ. ಹಳೆಯ ಕಾಲದ ಪೆಟ್ರೋಲಿನಲ್ಲಾದರೆ ನೀರು ತನ್ನ ಪಾಡಿಗೆ ತಳದಲ್ಲಿ ಬಿದ್ದಿರುತ್ತಿತ್ತು. ಎಥನಾಲಿಗೆ ನೀರಿನ ಮೇಲೆ ಮೋಹ ಹೆಚ್ಚು. ನೀರು ಒಂದು ಮಿತಿ ದಾಟಿದರೆ ಪೆಟ್ರೋಲನ್ನು ಬಿಟ್ಟು ಅದರ ಜೊತೆಗೇ ತಳ ಸೇರುತ್ತದೆ. ಆ ಬಂಕಿಗೆ ಬೋರ್ಡು ಯಾವುದಿದ್ದರೂ ನನ್ನ ಗಾಡಿ ನಿಲ್ಲುತ್ತಿತ್ತು. ಟ್ಯಾಂಕಿನ ಮುಚ್ಚಳ ಭದ್ರವಾಗಿರಬೇಕು. ಅಳತೆ ಕೋಲಿನ ತುದಿಗೆ ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟ್ ಸವರಿ ಟ್ಯಾಂಕಿಗೆ ಇಳಿಸಿ ನೋಡಬೇಕು. ಮಳೆಗಾಲದಲ್ಲಿ ಇಷ್ಟು ಮಾಡದ ಮಾಲೀಕನಿದ್ದರೆ ಜಗತ್ತಿನ ಯಾವ ರಿಫೈನರಿಯೂ ನಮ್ಮನ್ನು ಕಾಪಾಡಲಾರದು. ವ್ಯಾಪಾರವಿರುವ ಬಂಕಿನಲ್ಲಿ ಮಾಲು ನಿಲ್ಲುವುದಿಲ್ಲ, ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತದೆ. ಹಾಗಾಗಿ ಸಾಲು ಕಂಡರೆ ನಾನು ಗೊಣಗದೆ ಸಾಲಿನಲ್ಲಿ ನಿಲ್ಲುವ ಏಕೈಕ ಜಾಗ ಬಂಕು.

ನೀರು ಅಜಾಗರೂಕತೆಯ ಮಾತಾಯಿತು. ಕಲಬೆರಕೆ ಹಾಗಲ್ಲ. ರೇಷನ್ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದು ಬಂಕಿನ ಟ್ಯಾಂಕಿಗೆ ದಾರಿ ಕಂಡುಕೊಳ್ಳುತ್ತಿತ್ತು. ಕೋಲಾರದ ಕೆ.ಜಿ.ಎಫ್. ಕಡೆಯ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಇಂಡಿಯನ್ ಆಯಿಲ್ ಸೇರಿದ್ದ ಷಣ್ಮುಗಂ ಮಂಜುನಾಥ್, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದ. ಅದು ಮತ್ತೆ ಬಾಗಿಲು ತೆರೆದದ್ದನ್ನು ತಪಾಸಣೆ ಮಾಡಲು 2005ರ ನವೆಂಬರಿನಲ್ಲಿ ಹೋದಾಗ ಗುಂಡಿಟ್ಟು ಕೊಂದರು. ಆಗ ಆತನಿಗೆ 27 ವರ್ಷ. ಬೀಗ ಹಾಕಿಸಿದ್ದು ಬೇರೆ ಕಂಪನಿಯ ಬಂಕಿಗಲ್ಲ, ತನ್ನದೇ ಕಂಪನಿಯ ಬೋರ್ಡು ಹೊತ್ತದ್ದಕ್ಕೆ. ನಮ್ಮ ಮದುವೆ ಮನೆಯ ಮೈಲೇಜು ಚರ್ಚೆಯಲ್ಲಿ ಈ ಹೆಸರು ಬರುವುದಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ದಿನ ಭಾವನನ್ನು ಕರೆದುಕೊಂಡು ಅವರ ಬೈಪಾಸ್ ಬಂಕಿಗೇ ಹೋದೆ. ಕಲಬೆರಕೆ ಇದೆಯೇ ನೋಡಲು ಫಿಲ್ಟರ್ ಪೇಪರ್ ಕೊಡಿ ಅಂದೆ. ಹುಡುಗ ಮ್ಯಾನೇಜರನ್ನು ನೋಡಿದ, ಮ್ಯಾನೇಜರು ನನ್ನನ್ನು ನೋಡಿದರು, ಭಾವ ಮಾನ ಹೋದವರಂತೆ ಆಕಾಶ ನೋಡಿದರು. ಮೇಜಿನ ಖಾನೆಯಲ್ಲಿ ಬಿಲ್ ಪುಸ್ತಕ, ಊದಿನಕಡ್ಡಿ ಪೊಟ್ಟಣ, ಧರ್ಮಸ್ಥಳದ ಪ್ರಸಾದ ಎಲ್ಲ ಆಚೆ ಬಂದ ಮೇಲೆ ತಳದಲ್ಲಿ ಆ ಬಿಳಿ ಕಾಗದದ ಕಟ್ಟು ಸಿಕ್ಕಿತು. "ಯಾರೂ ಕೇಳಲ್ಲ ಸಾರ್, ಅದಕ್ಕೇ" ಎಂದರು ಮ್ಯಾನೇಜರು. ಹುಡುಗ ನಾಝಲ್ಲಿನ ಮೂತಿ ಒರೆಸಿ, ಕಾಗದದ ಮೇಲೆ ಒಂದು ಹನಿ ಬಿಟ್ಟ. ಆಟೋದವರು ಇಬ್ಬರು, ಹಾಲಿನ ಕ್ಯಾನಿನವನೊಬ್ಬ ಬಂದು ಸುತ್ತ ನಿಂತರು. ಹನಿ ಅಗಲವಾಯಿತು, ಅಂಚಿನಿಂದ ಒಳಕ್ಕೆ ಒಣಗುತ್ತಾ ಬಂತು, ಎರಡು ನಿಮಿಷದಲ್ಲಿ ಹಾರಿಹೋಯಿತು. ಎಣ್ಣೆ ಜಿಡ್ಡಿನ ಕಲೆ ಉಳಿಯಲಿಲ್ಲ. ಭಾವ ಚುನಾವಣೆ ಗೆದ್ದವರಂತೆ ಎಲ್ಲರ ಮುಖ ನೋಡಿದರು. ಅಲ್ಲಿಂದ ಮನೆ ಹತ್ತಿರದ ಬಂಕಿಗೆ ಹೋಗಿ ಅಲ್ಲೂ ಹನಿ ಬಿಡಿಸಿದೆ. ಅಲ್ಲೂ ಕಲೆಯಿಲ್ಲ. "ಕಾಗದ ಸರಿಯಿಲ್ಲ" ಅಂದರು ಭಾವ.

ಭಾವನನ್ನು ಬದಲಾಯಿಸುವ ಆಸೆ ನನಗಿಲ್ಲ. ಓದುವ ನೀವಾದರೂ ಒಂದು ಕೆಲಸ ಮಾಡಿ. ಕಂಪನಿ ಯಾವುದೆಂದು ತಲೆ ಕೆಡಿಸಿಕೊಳ್ಳದೆ, ವ್ಯಾಪಾರ ಚೆನ್ನಾಗಿರುವ ಬಂಕು ನೋಡಿಕೊಳ್ಳಿ. ಅಳತೆಯ ಮೇಲೆ ಅನುಮಾನ ಬಂದರೆ ಮುದ್ರೆ ಒತ್ತಿದ ಐದು ಲೀಟರಿನ ಮಾಪು ಪ್ರತಿ ಬಂಕಿನಲ್ಲೂ ಇರಬೇಕು, ಅದರಲ್ಲಿ ಅಳೆದು ತೋರಿಸಿ ಎನ್ನಿ. ಮಾಲಿನ ಮೇಲೆ ಅನುಮಾನ ಬಂದರೆ ಡೆನ್ಸಿಟಿ ತೋರಿಸಿ ಎನ್ನಿ. ಟ್ಯಾಂಕರ್ ಇಳಿಸಿದಾಗ ಬರೆದಿಟ್ಟ ಅಂಕಿಗೂ ಇವತ್ತಿನದಕ್ಕೂ ಘನ ಮೀಟರಿಗೆ ಮೂರು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಫಿಲ್ಟರ್ ಪೇಪರಿಗೆ ಕಾಸು ಕೊಡಬೇಕಿಲ್ಲ. ಇಲ್ಲ ಅಂದರೆ ದೂರಿನ ಪುಸ್ತಕ ಕೇಳಿ, ಅದೂ ಅಲ್ಲೇ ಇರಬೇಕು.